ಹೊಲವಿಲ್ಲದವರ ಬೋಗಿ

ನನ್ನ ತಂಗಿಯ ಮೊಮ್ಮಗಳು ಈಚೆಗೆ ಸ್ಟೇಷನ್ ರಸ್ತೆಯ ಒಂದು ಪ್ರವಾಸಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಂಡಮಾನ್, ಮಾಲ್ಡೀವ್ಸ್, ಬಾಲಿ ಎಂದು ದಿನವಿಡೀ ದ್ವೀಪಗಳನ್ನು ಮಾರುತ್ತಾಳೆ. ಮೊನ್ನೆ ಮನೆಗೆ ಬಂದವಳು ಚಹಾ ಕುಡಿಯುತ್ತ, "ಅಜ್ಜಾ, ವಿಮಾನದ ಟಿಕೀಟೂ ಹೋಟೆಲ್ಲೂ ಅಗ್ಗಕ್ಕ ಬೇಕಂದ್ರ ಮಂದಿ ಹೋಗಲಾರದ ವಾರಾನ ಹೋಗಬೇಕು. ನಮ್ಮ ಧಂದೇದಾಗ ಇದು ಮೊದಲನೇ ಪಾಠ," ಎಂದು ನನಗೇ ಪಾಠ ಹೇಳಿದಳು. ನಾನು ಹೂಂ ಎಂದೆ. ಅದೇ ಪಾಠವನ್ನು ಅದೇ ರಸ್ತೆಯಲ್ಲಿ, ಅವಳ ಕಚೇರಿಯಿಂದ ಕೂಗಳತೆ ದೂರದಲ್ಲಿ, ನಾನು ಚೆನ್ನಾಗಿ ಬೈಸಿಕೊಂಡು ಕಲಿತದ್ದು ಅವಳಿಗೆ ಗೊತ್ತಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾದರೆ ಆಗಲಿ, ಇಲ್ಲದಿದ್ದರೆ ಓದಿ ನಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕ ಮುಗಿಯುತ್ತಿದ್ದಾಗ. ಊರನ್ನು ಆಗ ಬಿಜಾಪುರ ಎನ್ನುತ್ತಿದ್ದರು. ಒಂದು ಸೈಕಲ್ ಅಂಗಡಿಗೂ ಒಂದು ಚಹಾದಂಗಡಿಗೂ ನಡುವೆ ನಮ್ಮ ಯಾತ್ರಾ ಕಂಪನಿ ಇತ್ತು. ಕಂಪನಿ ಎಂದರೆ ಮಾಲಕರು, ನಾನು, ಅಡಿಗೆಯ ದುಂಡಪ್ಪ, ಇಷ್ಟೇ. ಮಾಲಕರ ಹೆಸರು ಚನಬಸಪ್ಪ, ಊರವರ ಬಾಯಲ್ಲಿ ಸಾವಕಾರ್ರು. ನಾನು ಮ್ಯಾನೇಜರ್. ಆ ಹುದ್ದೆಯಲ್ಲಿ ಬುತ್ತಿಗಂಟು ಹೊರುವುದರಿಂದ ಹಿಡಿದು ಹೊಟ್ಟೆ ತೊಳಸಿದವರಿಗೆ ನಿಂಬೆಹಣ್ಣು ಹಿಂಡಿ ಕೊಡುವವರೆಗೆ ಎಲ್ಲವೂ ಸೇರಿತ್ತು.

ಅಂಗಡಿಯ ಮೇಲೆ ಒಂದು ದೊಡ್ಡ ಬೋರ್ಡು. ಅದರ ಮೇಲೆ ಒಂದು ರೈಲು, ಒಂದು ಹಡಗು, ಒಂದು ವಿಮಾನ. ರೈಲು ಮಾತ್ರ ನಿಜ. ಹಡಗನ್ನು ಸಾವಕಾರ್ರು ಮುಂದೆಂದಾದರೂ ಬೇಕಾದೀತು ಎಂದು ಬರೆಸಿದ್ದರು. ವಿಮಾನವನ್ನು ಪೇಂಟರ್ ತಾನಾಗಿಯೇ ಬರೆದ, ಮೂಲೆಯಲ್ಲಿ ಜಾಗ ಖಾಲಿ ಉಳಿದಿತ್ತಂತೆ. ಅದನ್ನು ನೋಡಿ ಒಳಗೆ ಬಂದು ವಿಮಾನದ ದರ ಕೇಳಿದವರು ನನ್ನ ಕಾಲದಲ್ಲಿ ಒಬ್ಬರೇ. ಅವರ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಮುಖ್ಯ ವ್ಯಾಪಾರ ರಾಮೇಶ್ವರ. ಅದೂ ಒಂದು ದ್ವೀಪವೇ. ಸಮುದ್ರದ ಮೇಲೆ ಕಟ್ಟಿದ ಪಾಂಬನ್ ಸೇತುವೆಯನ್ನು ದಾಟಿ ರೈಲು ಅದರೊಳಗೆ ಹೋಗುತ್ತದೆ. ಬಿಜಾಪುರದ ಕಪ್ಪು ಮಣ್ಣಿನಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಬಾವಿಯ ತಳ ಕಾಣುವುದನ್ನೇ ನೋಡಿ ಬೆಳೆದವರಿಗೆ ಆ ಸೇತುವೆಯ ಮೇಲೆ ಹೆದರಿಕೆಯಾಗುತ್ತಿತ್ತು. ಗಟ್ಟಿಗರು ಕೂಡ ಕಿಟಕಿಯಿಂದ ಈಚೆಗೆ ಸರಿದು ಕೂರುತ್ತಿದ್ದರು.

ಮೊದಮೊದಲು ನಾವೂ ಎಲ್ಲರಂತೆ ಬಿಡಿ ಬಿಡಿ ಟಿಕೀಟು ತೆಗೆಸಿ, ಊರೂರಿಗೆ ಛತ್ರದಲ್ಲಿ ಇಳಿದು, ಅಡಿಗೆ ಮಾಡಿಕೊಂಡು ಹೋಗುತ್ತಿದ್ದೆವು. ಗಾಡಿ ಬದಲಾಯಿಸುವ ಪ್ರತಿ ಜಂಕ್ಷನ್ನಿನಲ್ಲೂ ಜನ ಚದುರುತ್ತಿದ್ದರು. ಒಮ್ಮೆ ಗುಂತಕಲ್ಲಿನಲ್ಲಿ ಬಬಲೇಶ್ವರದ ಇಬ್ಬರು ಮುದುಕರು ಬೇರೆ ಗಾಡಿ ಹತ್ತಿ ಮಲಗಿಬಿಟ್ಟರು. ಅವರನ್ನು ಹುಡುಕಿ ತರುವಷ್ಟರಲ್ಲಿ ನಮ್ಮ ಗಾಡಿ ಹೋಗಿತ್ತು. ಅಂದಿನ ಊಟ ವಸತಿಯೆಲ್ಲ ಕಂಪನಿಯ ತಲೆಗೆ ಬಂತು. ಸಾವಕಾರ್ರು ನನ್ನೊಂದಿಗೆ ವಾರಗಟ್ಟಲೆ ಮಾತಾಡಲಿಲ್ಲ. ಬೇಕಾದ್ದನ್ನು ದುಂಡಪ್ಪನಿಗೆ ಹೇಳುವರು, ಅವನು ಅಲ್ಲೇ ಕೂತ ನನಗೆ ಹೇಳುವನು.

ಆಮೇಲೆ ಸಾವಕಾರ್ರೇ ಒಂದು ಉಪಾಯ ಕಂಡುಹಿಡಿದರು. ಇಂತಿಷ್ಟು ಜನರ ಪೂರಾ ದರ ಕಟ್ಟಿದರೆ ರೈಲ್ವೆಯವರು ಮೂರನೇ ದರ್ಜೆಯ ಇಡೀ ಬೋಗಿಯನ್ನೇ ನಮಗೆ ಕೊಡುತ್ತಿದ್ದರು. ಅದನ್ನು ಹೋಗುವ ಗಾಡಿಗೆ ಕಟ್ಟುವುದು, ನಮಗೆ ಬೇಕಾದ ಊರಿನಲ್ಲಿ ಬಿಚ್ಚಿ ಪಕ್ಕದ ಹಳಿಯ ಮೇಲೆ ನಿಲ್ಲಿಸುವುದು, ನೋಡುವುದು ಮುಗಿದ ಮೇಲೆ ಮುಂದಿನ ಗಾಡಿಗೆ ಕಟ್ಟುವುದು. ಬಿಜಾಪುರದಿಂದ ಗದಗ, ಗುಂತಕಲ್ಲು, ಕಾಟ್ಪಾಡಿ, ತಿರುಚಿ ಹಿಡಿದು ರಾಮೇಶ್ವರದವರೆಗೂ ಆಗ ಒಂದೇ ಅಳತೆಯ ಮೀಟರ್ ಗೇಜ್ ಹಳಿ. ಗಾಡಿ ಬದಲಿಸಲು ಎಲ್ಲಿಯೂ ಇಳಿಯಬೇಕಿರಲಿಲ್ಲ. ಹಗಲು ಊರು ನೋಡಬೇಕು, ಸಂಜೆ ಬೋಗಿಗೆ ಬಂದು ಮಲಗಬೇಕು. ಛತ್ರದ ಖರ್ಚು ಪೂರ್ತಿ ಉಳಿಯಿತು, ಜನ ಕಳೆದುಹೋಗುವುದೂ ನಿಂತಿತು. ಎಲ್ಲ ಬೋಗಿಗಳೂ ನೋಡಲು ಒಂದೇ ಥರ ಇರುವುದರಿಂದ ನಮ್ಮ ಬೋಗಿಯ ಬಾಗಿಲಿಗೆ ನಾನು ಒಂದು ಕರಿ ಕಂಬಳಿ ಕಟ್ಟುತ್ತಿದ್ದೆ. ಓದು ಬಾರದವರೂ ದೂರದಿಂದಲೇ ಗುರುತಿಸುತ್ತಿದ್ದರು.

ಎರಡು ದಿನ ಕಳೆಯುವುದರೊಳಗೆ ಬೋಗಿ ಊರಾಗಿಬಿಡುತ್ತಿತ್ತು. ಹೆಂಗಸರು ಬಾಗಿಲ ಕೆಳಗೆ, ಜಲ್ಲಿಕಲ್ಲಿನ ನಡುವೆ ಜಾಗ ಮಾಡಿಕೊಂಡು ರಂಗೋಲಿ ಹಾಕುವರು. ಕಿಟಕಿಯ ಸರಳಿಗೆ ಸೀರೆ ಒಣಗುವವು. ಕೂರುವ ಹಲಗೆ ತೋರಿಸಿ, ಇದು ನಮ್ಮ ಕಟ್ಟಿ, ಅದು ನಿಮ್ಮ ಕಟ್ಟಿ ಎಂದು ಜಗಳವೂ ಆಗುವುದು. ಬಬಲೇಶ್ವರದ ಗೌಡರೊಬ್ಬರು ಹೊರಗಿನ ಹಾಲು ಕುಡಿಯುವುದಿಲ್ಲವೆಂದು ಹಟ ಹಿಡಿದು, ಹೊರಡುವ ದಿನ ತಮ್ಮ ಮನೆಯ ಆಕಳನ್ನೇ ಸ್ಟೇಷನ್ನಿಗೆ ಹೊಡೆದುಕೊಂಡು ಬಂದಿದ್ದರು. "ಬೋಗಿ ಪೂರಾ ನಮ್ಮದಂತ ನೀನ ಹೇಳಿದೆಲ್ಲೋ," ಎಂದು ನನ್ನ ಮೇಲೆಯೇ ತಿರುಗಿಬಿದ್ದರು. ಸ್ಟೇಷನ್ ಮಾಸ್ತರರು ಬಂದು ಕೈಮುಗಿದು ಆಕಳನ್ನು ತಿರುಗಿ ಕಳಿಸಿದರು. ಗೌಡರು ರಾಮೇಶ್ವರದವರೆಗೂ ಕರಿ ಚಹಾ ಕುಡಿದರು.

ಈ ಉಪಾಯದಲ್ಲಿ ಒಂದೇ ಕಡೆ ತೊಡಕಿತ್ತು. ರಾಮೇಶ್ವರದ ಸ್ಟೇಷನ್ನಿನಲ್ಲಿ ಬೋಗಿ ನಿಲ್ಲಿಸಿಕೊಳ್ಳಲು ಜಾಗ ಇರುತ್ತಿರಲಿಲ್ಲ. ನಮ್ಮನ್ನು ಇಳಿಸಿ, ಬೋಗಿಯನ್ನು ಸಂಜೆಯ ಗಾಡಿಗೆ ಕಟ್ಟಿ ಸೇತುವೆಯ ಆಚೆ ಮಂಡಪಂ ಸ್ಟೇಷನ್ನಿಗೆ ಒಯ್ಯುತ್ತಿದ್ದರು. ಹಾಗಾಗಿ ದ್ವೀಪದ ಮೇಲಿನ ಒಂದು ರಾತ್ರಿಗೆ ಮಾತ್ರ ಛತ್ರ ಹಿಡಿಯಬೇಕಿತ್ತು. ನಮ್ಮ ಸೀಮೆಯಿಂದ ಹೋಗಿ ಅಲ್ಲಿ ನೆಲೆ ನಿಂತಿದ್ದ ಒಬ್ಬರು ನೋಡಿಕೊಳ್ಳುತ್ತಿದ್ದ ಛತ್ರ ನಮಗೆ ಗೊತ್ತಿತ್ತು, ವರ್ಷವೂ ಅಲ್ಲೇ ಇಳಿಯುತ್ತಿದ್ದೆವು. ಮುಂದಿನ ಕಥೆಯೆಲ್ಲ ಈ ಒಂದು ರಾತ್ರಿಯದು.

ಇನ್ನು ನನ್ನ ಬುದ್ಧಿವಂತಿಕೆಯ ಮಾತು. ಒಂದು ವರ್ಷ ಛತ್ರದವರು, ಡಿಸೆಂಬರ್ ಕೊನೆಗೆ ಒಂದು ವಾರ ಇಲ್ಲಿ ಜನ ಕಡಿಮೆ, ಅರ್ಧ ದರಕ್ಕೆ ಕೊಡುತ್ತೇನೆ ಎಂದು ತಿಳಿಸಿದರು. ವಿಚಾರಿಸಿದಾಗ ಆ ವಾರ ರೈಲ್ವೆಯ ಬೋಗಿಯೂ ಖಾಲಿ ಇತ್ತು. ಹಿಂಗಾರಿ ಜೋಳ ಆಗ ಹಾಲುಗಾಳಿನ ಹಂತದಲ್ಲಿರುತ್ತದೆ, ಸುಗ್ಗಿಗೆ ಇನ್ನೂ ತಡ, ರೈತರ ಕೈ ಖಾಲಿ. ಎಲ್ಲವೂ ಕೂಡಿಬಂತು ಎಂದುಕೊಂಡು ನಾನು ಸಾವಕಾರ್ರನ್ನು ಒಪ್ಪಿಸಿ ಬೋಗಿಗೆ ಮುಂಗಡ ಕಟ್ಟಿಸಿದೆ. ಅವರು ನನ್ನ ಬೆನ್ನು ಕೂಡ ತಟ್ಟಿದರು.

ತಿಕೋಟಾಕ್ಕೆ ಹೋದೆ, ಬಬಲೇಶ್ವರಕ್ಕೆ ಹೋದೆ, ಬಿಜ್ಜರಗಿಗೂ ಹೋದೆ. ದರ ಕೇಳಿದವರೆಲ್ಲ ಭಾಳ ಸೋವಿ ಆತು, ಅಗ್ಗ ಆತು ಎಂದರು. ದಿನ ಕೇಳಿದ ಮೇಲೆ ಮಾತು ನಿಲ್ಲಿಸಿದರು. ಕೊನೆಗೆ ಆಕಳಿನ ಗೌಡರೇ ಬಿಡಿಸಿ ಹೇಳಿದರು.

"ನಿನ್ನ ತಲಿ ಎಲ್ಲೈತೋ? ಎಳ್ಳಮಾಸಿ ದಿನ ಹೊಲಾ ಬಿಟ್ಟು ಸಮುದ್ರಕ್ಕ ಹೋಗು ಅಂತಿ. ಚರಗಾ ಯಾರು ಚೆಲ್ಲಬೇಕು, ನಿಮ್ಮ ಸಾವಕಾರನೇನು?"

ಎಳ್ಳಮಾವಾಸ್ಯೆ ನಮ್ಮ ಕಡೆ ಎಂಥ ಹಬ್ಬವೆಂಬುದನ್ನು ಬೇರೆ ಕಡೆಯವರಿಗೆ ಹೇಳಬೇಕು. ಅಂದು ಹೊಲವಿದ್ದ ಮನೆಯವರೆಲ್ಲ ಗಾಡಿ ಕಟ್ಟಿ ಹೊಲಕ್ಕೆ ಹೋಗುತ್ತಾರೆ. ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಎಲ್ಲ ಕಾಯಿಪಲ್ಯ ಕಾಳು ಕೂಡಿಸಿ ಮಾಡಿದ ಭಜ್ಜಿ ಗಂಟು ಕಟ್ಟಿರುತ್ತದೆ. ಐದು ಕಲ್ಲಿಟ್ಟು ಪೂಜೆ ಮಾಡಿ, ತಂದ ಅಡಿಗೆಯಲ್ಲಿ ಒಂದು ಪಾಲನ್ನು ಕೂಗು ಹಾಕುತ್ತ ಬೆಳೆಯ ಮೇಲೆ ಚೆಲ್ಲುತ್ತಾರೆ. ಅದೇ ಚರಗ. ಭೂಮಿ ಬಸುರಿ, ಅವಳಿಗೆ ಉಣ್ಣಿಸಬೇಕು ಎಂಬ ಭಾವನೆ. ಆಮೇಲೆ ಬೆಳೆಯ ನಡುವೆಯೇ ಕೂತು ಎಲ್ಲರೂ ಉಣ್ಣುತ್ತಾರೆ. ಹೊಲವಿಲ್ಲದವರನ್ನೂ ಊಟಕ್ಕೆ ಕರೆಯುತ್ತಾರೆ. ಆದರೆ ಚರಗ ಚೆಲ್ಲುವವರು ಹೊಲದ ಒಡೆಯರು. ನಾನು ಪೇಟೆಯಲ್ಲಿ ಬೆಳೆದವ, ಗೋಡೆಯ ಮೇಲಿನ ಇಂಗ್ಲಿಷ್ ತಿಂಗಳನ್ನಷ್ಟೇ ನೋಡಿ ದಿನ ಹಿಡಿದುಬಿಟ್ಟಿದ್ದೆ. ಆ ವಾರ ಬೋಗಿ ಖಾಲಿ ಇದ್ದ ಕಾರಣ ಏನೆಂಬುದು ಆಗ ನನ್ನ ತಲೆಗೆ ಹೋಯಿತು.

ಸಾವಕಾರ್ರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು. "ಬೋಗಿ ತುಂಬು, ಇಲ್ಲಾ ಬ್ಯಾರೆ ಕಡೆ ಕೆಲಸಾ ನೋಡ್ಕೊ," ಎಂದು ಹೇಳಿ ತಾಂಬೂಲದ ಡಬ್ಬಿ ತೆಗೆದರು.

ಆ ದಿನಗಳಲ್ಲೇ ವಿಮಾನ ಕೇಳಿದವರು ಬಂದದ್ದು. ತಿಕೋಟಾದ ಸಾಲೆಯ ನಾಗಪ್ಪ ಮಾಸ್ತರರು. ಬಿಳಿ ಅಂಗಿ, ಬಿಳಿ ಪೈಜಾಮ, ಕೈಯಲ್ಲಿ ಛತ್ರಿ. ಬೋರ್ಡನ್ನು ಚೆನ್ನಾಗಿ ನೋಡಿ ಒಳಗೆ ಬಂದರು.

"ನಮಸ್ಕಾರ ರೀ. ಲಂಕಾಕ್ಕ ವಿಮಾನದಾಗ ಎರಡು ಸೀಟಿಗೆ ಎಷ್ಟಾಕ್ಕೈತಿ? ನನಗ, ನಮ್ಮವ್ವಗ."

ನನಗೆ ತಿಳಿದಷ್ಟು ಹೇಳಿದೆ. ಮದ್ರಾಸಿಗೋ ತಿರುಚಿಗೋ ಹೋಗಿ ಅಲ್ಲಿಂದ ಹತ್ತಬೇಕು, ಪಾಸ್‌ಪೋರ್ಟ್ ಮಾಡಿಸಬೇಕು, ವಿಮಾನದ ದರ ಇಷ್ಟಾದೀತು, ಧನುಷ್ಕೋಡಿಯಿಂದ ಹಡಗಿನಲ್ಲಿ ಹೋದರೆ ಇಷ್ಟು, ಅಲ್ಲಿ ಇರಲು ಉಣ್ಣಲು ಬೇರೆ. ಮಾಸ್ತರರು ಕೇಳುತ್ತ ಕೇಳುತ್ತ ನಗತೊಡಗಿದರು.

"ನನ್ನ ಪಗಾರದಾಗ ರೆಕ್ಕಿನೂ ಬರಂಗಿಲ್ಲ ಬಿಡ್ರಿ."

ಅವರ ಮನೆಯವರು ಕೆಲವು ವರ್ಷಗಳ ಹಿಂದೆ ಬೌದ್ಧರಾಗಿದ್ದರು. ತಾಯಿ ಯಮನವ್ವ ಜೀವನವೆಲ್ಲ ಬೇರೆಯವರ ಹೊಲದಲ್ಲಿ ಕಳೆ ತೆಗೆದು ಮಗನನ್ನು ಓದಿಸಿದವಳು. ಬುದ್ಧ ಹುಟ್ಟಿದ ದೇಶದಲ್ಲಿ ಅವನ ಧರ್ಮ ಉಳಿಯಲಿಲ್ಲ, ಸಮುದ್ರದ ಆಚೆಯ ಲಂಕೆಯಲ್ಲಿ ಉಳಿಯಿತು ಎಂದು ಮಗ ಒಮ್ಮೆ ಹೇಳಿದ್ದನ್ನು ಹಿಡಿದುಕೊಂಡು ಕೂತಿದ್ದಳು. "ಒಂದ ಸಲ ಅದನ್ನ ಕಣ್ಣೀಲೆ ನೋಡಬೇಕು" ಎನ್ನುತ್ತಿದ್ದಳಂತೆ. ವಯಸ್ಸಾಗಿತ್ತು, ಮೊಣಕಾಲು ಹಿಡಿದಿದ್ದವು. ಇನ್ನೆರಡು ವರ್ಷ ತಡ ಮಾಡಿದರೆ ನಡೆಸಿಕೊಂಡು ಹೋಗುವುದು ಆಗುವುದಿಲ್ಲ ಎಂಬ ಚಿಂತೆ ಮಾಸ್ತರರದು.

ನಾನು ರಾಮೇಶ್ವರದ ಬೋಗಿಯ ಮಾತು ತೆಗೆದೆ. ದ್ವೀಪದ ತುದಿಗೆ ಹೋದರೆ ಲಂಕೆಯ ಕಡೆ ಹೋಗುವ ಹಡಗು ಕಾಣುತ್ತದೆ, ಲಂಕೆ ಕಾಣುವುದಿಲ್ಲ, ಅದು ಇರುವ ದಿಕ್ಕು ಕಾಣುತ್ತದೆ ಎಂದು ಇದ್ದದ್ದು ಇದ್ದಂತೆ ಹೇಳಿದೆ. ದರ ಹೇಳಿದೆ. ದಿನ ಹೇಳುವಾಗ ದನಿ ತಗ್ಗಿತು. "ಎಳ್ಳಮಾಸಿ ಅದರಾಗ ಬರತೈತ್ರಿ," ಎಂದೆ.

"ಬಂದ್ರ ಬರಲಿ ರೀ. ನಮಗ ಹೊಲಾ ಎಲ್ಲೈತಿ?"

ಅವರು ಅದನ್ನು ದುಃಖದಿಂದಲೂ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಇದ್ದ ಸಂಗತಿಯನ್ನು ಹೇಳಿದರು. ಆದರೆ ನಾನು ಕೂತಲ್ಲಿಂದ ಎದ್ದುಬಿಟ್ಟೆ. ನಾನು ಹೋದ ಊರುಗಳಲ್ಲೆಲ್ಲ ಹೊಲವಿದ್ದವರ ಬಾಗಿಲನ್ನಷ್ಟೇ ತಟ್ಟಿದ್ದೆ. ಯಾತ್ರೆ ಎಂದರೆ ಅವರೇ ಎಂದು ತಿಳಿದಿದ್ದೆ.

ಬೋಗಿ ತುಂಬಿತು. ಮಾಸ್ತರರೇ ತಿಕೋಟಾ, ಬಬಲೇಶ್ವರ ಸುತ್ತಿ ತಮ್ಮವರನ್ನು ಕೂಡಿಸಿದರು. ಸಾಲೆ, ದವಾಖಾನೆ, ಅಂಚೆ ಎಂದು ನೌಕರಿಯಲ್ಲಿದ್ದವರು, ಕೂಲಿಯವರು, ಅವರ ಅವ್ವಂದಿರು, ಅತ್ತೆಯಂದಿರು. ತುಂಬದೆ ಉಳಿದ ಸೀಟಿಗೆ ಬಿಜ್ಜರಗಿಯಿಂದ ಎರಡು ಕುರುಬರ ಮನೆಯವರು ಬಂದರು. ಅವರಿಗೆ ಕುರಿ ಇದ್ದವು, ಹೊಲ ಇರಲಿಲ್ಲ. ದುಂಡಪ್ಪ ಯಾರಿಗೆ ಅಡಿಗೆ ಮಾಡಬೇಕೆಂದು ತಿಳಿದ ಮೇಲೆ ತನಗೆ ಜ್ವರ ಬಂದಿದೆ ಎಂದು ಮನೆಗೆ ಹೋದ. "ಅಡಿಗಿ ನಾವ ಮಾಡ್ಕೋತೀವಿ ರೀ, ಅವನ ಪಗಾರಾನೂ ಉಳೀತು," ಎಂದರು ಮಾಸ್ತರರು. ಸಾವಕಾರ್ರಿಗೆ ಉಳಿತಾಯದ ಮಾತು ಹಿಡಿಸಿತು. ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು.

"ರೈಲಿನವರು ಯಾರ ಜಾತಿನೂ ಕೇಳಂಗಿಲ್ಲ. ಛತ್ರದಾಗ ಕೇಳ್ತಾರ. ಕೇಳಿದ್ರ ನಮ್ಮ ಮಂದೀನ ಅಂತ ಹೇಳಿಬಿಡು. ಒಂದ ರಾತ್ರಿ ಮಾತು."

ನಾನು ಆಗಲಿ ಎಂದೆ. ಆ ಮಾತು ನನಗೆ ಆಗ ತಪ್ಪು ಎನಿಸಲಿಲ್ಲ, ಜಾಣತನವೆನಿಸಿತು.

ದಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನ್ನ ಎಲ್ಲ ಯಾತ್ರೆಗಳಲ್ಲಿ ಜಗಳ ಕಡಿಮೆಯಾದದ್ದು ಇದೇ. ಇವರಲ್ಲಿ ಯಾರೂ ಕೂರುವ ಜಾಗಕ್ಕಾಗಿ ಹಟ ಹಿಡಿಯಲಿಲ್ಲ. ಕುರುಬರ ಸಂಗವ್ವ ಮೊದಲ ದಿನ ತನ್ನ ರೊಟ್ಟಿಗಂಟನ್ನು ಮರೆ ಮಾಡಿಕೊಂಡು ಉಂಡಳು, ಮೂರನೆಯ ದಿನ ಯಮನವ್ವನ ಶೇಂಗಾ ಚಟ್ನಿಯನ್ನು ಕೇಳಿ ಇಸಿದುಕೊಂಡಳು. ಬೋಗಿಯಲ್ಲಿ ಅಷ್ಟು ದಿನ ಕೂತರೆ ಎಂಥವರಾದರೂ ಸಡಿಲವಾಗುತ್ತಾರೆ. ಪಾಂಬನ್ ಸೇತುವೆಯ ಮೇಲೆ ಯಮನವ್ವ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ.

"ಯಪ್ಪಾ, ಇಷ್ಟು ನೀರು ಇಲ್ಲೇ ಬಿದ್ದೈತಿ, ನಮ್ಮ ಕಡೆ ಕೊಡಕ್ಕೊಂದು ಜಗಳ," ಎಂದಳು.

ರಾಮೇಶ್ವರದಲ್ಲಿ ಇಳಿದು, ಗಂಟುಮೂಟೆ ಹೊತ್ತು ಛತ್ರಕ್ಕೆ ಹೋದಾಗ ಹೊತ್ತು ಇಳಿದಿತ್ತು. ಮೇಲ್ವಿಚಾರಕರು ನಗುತ್ತಲೇ ಎದ್ದು ಬಂದರು. ಊರ ಕಡೆಯ ಸುದ್ದಿ ಕೇಳಿದರು, ಸಾವಕಾರ್ರ ಆರೋಗ್ಯ ಕೇಳಿದರು. ಆಮೇಲೆ ನನ್ನ ಹಿಂದೆ ನಿಂತವರನ್ನು ಒಂದು ಸಲ ನೋಡಿದರು.

"ಈ ಸಲ ಯಾವ ಮಂದಿ ಕರಕೊಂಡು ಬಂದೀರಿ?"

ನಾನು ಬಾಯಿ ತೆರೆದೆ. ಮಾಸ್ತರರು ನನಗಿಂತ ಮೊದಲು ಹೇಳಿದರು.

"ನಾವು ಬೌದ್ಧರು ರೀ."

"ಅಂದ್ರ?"

"ಅಂದ್ರ, ಮೊದಲು ಏನಿದ್ರಿ ಅಂತ ನೀವು ಕೇಳಾಕತ್ತೀರಿ. ನೀವು ತಿಳಕೊಂಡಿದ್ದ ಖರೇ ಐತಿ."

ಮೇಲ್ವಿಚಾರಕರು ಕೆಟ್ಟವರಾಗಿರಲಿಲ್ಲ, ಅದನ್ನು ಹೇಳಲೇಬೇಕು. ಅವರ ಮುಖ ಸಣ್ಣದಾಯಿತು. ಕಟ್ಟಿಸಿದವರ ನೇಮ ಹಾಗಿದೆ, ನಾನು ಕೂಲಿಯವ ಎಂದರು. ಹೊರಗಿನ ಕಟ್ಟೆಯ ಮೇಲೆ ಮಲಗಬಹುದು, ಅದಕ್ಕೆ ಒಂದು ಪೈಸೆ ಬೇಡ, ನೀರು ನಾನೇ ಹಾಕಿಸುತ್ತೇನೆ ಎಂದರು. ಕುರುಬರ ಕಡೆ ನೋಡಿ, ನೀವು ಒಳಗೆ ಬರ್ರಿ ಎಂದರು. ನಾನು ಮಾಸ್ತರರ ಕಿವಿಯಲ್ಲಿ, "ಪುಕ್ಕಟೆ ಐತ್ರಿ, ಒಂದ ರಾತ್ರಿ," ಎಂದೆ. ಮಾಸ್ತರರು ತಿರುಗಿ ನನ್ನನ್ನು ನೋಡಿದರು. ಉಳಿತಾಯ ಮಾಡುವುದೇ ಕಸುಬಾದವನಿಗೆ ಯಾವುದು ಉಳಿತಾಯ, ಯಾವುದು ಅಲ್ಲ ಎಂಬುದು ಕೆಲವೊಮ್ಮೆ ಮಂದಿಯ ಮುಖ ನೋಡಿದ ಮೇಲೆ ತಿಳಿಯುತ್ತದೆ. ನನಗೆ ನಾಚಿಕೆಯಾಯಿತು.

ಯಮನವ್ವ ಗಂಟು ಕೆಳಗಿಟ್ಟಿರಲೇ ಇಲ್ಲ. "ಕಟ್ಟಿ ಮ್ಯಾಲ ಮಲಗೂದು ಊರಾಗೂ ಇತ್ತಲ್ಲೋ ನಾಗಪ್ಪಾ. ಅದಕ್ಕ ಇಲ್ಲೀತನಕ ಬರಬೇಕಿತ್ತೇನು? ನಮ್ಮ ಬೋಗಿ ಎಲ್ಲೈತಿ? ನಾ ಅದರಾಗ ಮಲಗತೀನಿ," ಎಂದಳು.

ಬೋಗಿ ಆಗಲೇ ಮಂಡಪಂಗೆ ಹೋಗಿರಬಹುದು. ಹೋಗಿದ್ದರೆ ಅವರೆಲ್ಲ ದ್ವೀಪ ಬಿಟ್ಟು ಸೇತುವೆ ದಾಟಿ ಹಿಂದಿರುಗಬೇಕು. ಮರುದಿನ ಮಧ್ಯಾಹ್ನವೇ ನಮ್ಮ ವಾಪಸು ಗಾಡಿ. ಹಾಗಾದರೆ ದ್ವೀಪದ ತುದಿಯೂ ಇಲ್ಲ, ಲಂಕೆಯ ದಿಕ್ಕೂ ಇಲ್ಲ. ಮುದುಕಿ ಇಷ್ಟು ದೂರ ಬಂದು ಒಂದು ಕಟ್ಟೆಯನ್ನು ನೋಡಿ ಹೋದಂತಾಗುತ್ತಿತ್ತು. ನಾನು ಪಂಚೆ ಎತ್ತಿ ಕಟ್ಟಿ ಸ್ಟೇಷನ್ನಿಗೆ ಓಡಿದೆ.

ಕರಿ ಕಂಬಳಿ ದೂರದಿಂದ ಕಂಡಾಗ ಜೀವ ಬಂತು. ಬೋಗಿ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಇನ್ನೂ ನಿಂತಿತ್ತು. ಅಲ್ಲಿಯ ಸ್ಟೇಷನ್ ಮಾಸ್ತರರಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಹರಕು ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಛತ್ರದಲ್ಲಿ ಆದದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಲ್ಲಿ ನಿಲ್ಲಿಸಲು ಜಾಗವಿಲ್ಲ, ಆದರೆ ಧನುಷ್ಕೋಡಿಯಲ್ಲಿ ಒಂದು ಹಳಿ ಇವತ್ತು ಖಾಲಿ ಇದೆ, ಪಾಂಬನ್ನಿನಲ್ಲಿ ನಿಮ್ಮ ಬೋಗಿಯನ್ನು ಆ ಕಡೆ ಹೋಗುವ ಗಾಡಿಗೆ ಕಟ್ಟಿಸುತ್ತೇನೆ, ನಾಳೆ ಬೆಳಗಿನ ಗಾಡಿಗೆ ಹಿಂದಕ್ಕೆ ಬರಬಹುದು ಎಂದರು. ಧನುಷ್ಕೋಡಿ ಎಂದರೆ ದ್ವೀಪದ ಕೊಟ್ಟಕೊನೆಯ ತುದಿ. ಲಂಕೆಯ ಹಡಗು ಹೊರಡುವುದು ಅಲ್ಲಿಂದಲೇ. ಅಲ್ಲಿ ಬೋಗಿ ನಿಲ್ಲಿಸಿ ಮಲಗಬಹುದೆಂದು ಇಷ್ಟು ವರ್ಷ ನಮಗೆ ಹೊಳೆದೇ ಇರಲಿಲ್ಲ, ಏಕೆಂದರೆ ನಮಗೆ ಛತ್ರ ಸಿಗುತ್ತಿತ್ತು.

ನನ್ನ ಹಿಂದೆಯೇ ನಡೆದು ಬಂದ ಎಲ್ಲರೂ ಮತ್ತೆ ಬೋಗಿ ಹತ್ತಿದರು. ನೋಡಿದರೆ ಕುರುಬರೂ ಗಂಟು ಹೊತ್ತು ಬಂದಿದ್ದರು. ನೀವು ಛತ್ರದಲ್ಲೇ ಇರಬಹುದಿತ್ತಲ್ಲ ಎಂದೆ. ಸಂಗವ್ವ, "ಬಯಲಾಗ ಕುರಿ ಜೋಡಿ ಮಲಗೂ ಮಂದಿ ನಾವು. ಗ್ವಾಡಿ ನಡುವ ನಿದ್ದಿ ಬರಂಗಿಲ್ಲ ಬಿಡ್ರಿ," ಎಂದು ಬೋಗಿಯಲ್ಲಿ ತನ್ನ ಹಳೆಯ ಜಾಗದಲ್ಲೇ ಕಾಲು ನೀಡಿದಳು. ಬೋಗಿಗೂ ಗೋಡೆ ಇದ್ದವು.

ಬೆಳಗಾದಾಗ ನಮ್ಮ ಎರಡೂ ಬದಿಗೆ ಸಮುದ್ರ. ನಡುವೆ ಮರಳಿನ ಪಟ್ಟಿ, ಅದರ ಮೇಲೆ ಹಳಿ, ಹಳಿಯ ಮೇಲೆ ನಮ್ಮ ಬೋಗಿ. ಅಂದೇ ಎಳ್ಳಮಾವಾಸ್ಯೆ. ನಾನು ಯಾರಿಗೂ ನೆನಪು ಮಾಡಿರಲಿಲ್ಲ. ಯಾರೂ ಮರೆತೂ ಇರಲಿಲ್ಲ. ಹೆಂಗಸರು ಮರಳಲ್ಲಿ ಮೂರು ಕಲ್ಲು ಹೂಡಿ ಭಜ್ಜಿ ಕುದಿಸುತ್ತಿದ್ದರು. ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ ಊರಿಂದಲೇ ಬಂದಿದ್ದವು.

ಆಗ ಹಡಗಿನ ಕೂಗು ಕೇಳಿಸಿತು. ಎಲ್ಲರೂ ನೀರಿನ ಅಂಚಿಗೆ ಓಡಿದರು. ಮಾಸ್ತರರು ತಾಯಿಯ ಕೈ ಹಿಡಿದು ನಡೆಸಿಕೊಂಡು ಹೋಗಿ, ಅದು ಹೋಗುವ ಕಡೆ ತೋರಿಸಿದರು.

"ಯವ್ವಾ, ಲಂಕಾ ಆ ದಿಕ್ಕಿಗೆ."

ಯಮನವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಏನೂ ಕಾಣಲಿಲ್ಲ ಎಂದು ಬೇಸರಪಟ್ಟಾಳೇನೋ ಎಂದು ನಾನು ಹೆದರಿದ್ದೆ. ಅವಳೂ ಮಗನೂ ಕೈ ಮುಗಿದು ನಿಂತರು. ಹಡಗು ಸಣ್ಣದಾಗುವವರೆಗೂ ಹಾಗೇ ನಿಂತಿದ್ದರು. ಆಮೇಲೆ ತಿರುಗಿ ನನ್ನನ್ನು ಕೇಳಿದಳು.

"ತಮ್ಮಾ, ಈ ಜಾಗಾ ಯಾರದು?"

"ಯಾರದೂ ಅಲ್ಲ ಆಯಿ. ಸಮುದ್ರದ್ದು."

"ಬದು ಎಲ್ಲೈತಿ?"

"ಇಲ್ಲ."

"ಹಂಗಾದ್ರ ಯಾರೂ ಬ್ಯಾಡ ಅನ್ನಂಗಿಲ್ಲ," ಎಂದು ಅವಳು ಬುಟ್ಟಿ ತರಿಸಿದಳು. ರೊಟ್ಟಿ, ಭಜ್ಜಿ, ಹೋಳಿಗೆಯ ಚೂರುಗಳನ್ನು ಕಲಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿನ ಅಂಚಿನ ಮರಳಿನ ಮೇಲೆ ಮೊದಲ ಹಿಡಿ ಚೆಲ್ಲಿದಳು. ಮಾಸ್ತರರಿಗೆ ಇರುಸುಮುರುಸಾಯಿತು.

"ಯವ್ವಾ, ಇದೆಲ್ಲಾ ನಾವು ಬಿಟ್ಟೀವಲ್ಲಬೇ."

"ಬಿಟ್ಟಿದ್ದು ದೇವರನ್ನ. ಹೊಲಾ ಎಂದ ಇತ್ತೋ ಬಿಡಾಕ?"

ಸ್ವಲ್ಪ ಹೊತ್ತಿಗೆ ಮಾಸ್ತರರೇ ಬುಟ್ಟಿ ಹಿಡಿದುಕೊಂಡು ತಾಯಿಯ ಹಿಂದೆ ನಡೆದರು. ಅವಳು ಕೂಗು ಹಾಕುತ್ತ ಚೆಲ್ಲಿದಳು. ಎಷ್ಟೋ ವರ್ಷ ಬದುವಿನ ಮೇಲೆ ನಿಂತು ಬೇರೆಯವರ ಬಾಯಲ್ಲಿ ಕೇಳಿದ ಕೂಗು ಅದು. ಒಂದಕ್ಷರ ತಪ್ಪಲಿಲ್ಲ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಒಂದೊಂದು ಹಿಡಿ ಇಸಿದುಕೊಂಡರು, ನಾನೂ ಇಸಿದುಕೊಂಡೆ. ನಮಗೂ ಹೊಲ ಇರಲಿಲ್ಲ. ಮರಳಲ್ಲಿ ಸಾಲಾಗಿ ಕೂತು ಎಲ್ಲರೂ ಉಂಡೆವು. ಗಾಳಿಗೆ ಮರಳು ಹಾರಿ ಭಜ್ಜಿಯೊಳಗೆ ಬೀಳುತ್ತಿತ್ತು.

ಹಿಂದಿರುಗಿದ ಮೇಲೆ ಸಾವಕಾರ್ರು ಛತ್ರದ ಖರ್ಚೂ ಉಳಿದದ್ದು ನೋಡಿ ಖುಷಿಯಾದರು. ಧನುಷ್ಕೋಡಿಯಲ್ಲಿ ಬೋಗಿ ನಿಲ್ಲಿಸುವುದು ತಮ್ಮದೇ ಯೋಚನೆ ಎಂಬಂತೆ ಎಲ್ಲರಿಗೂ ಹೇಳಿಕೊಂಡು ಬಂದರು. ಮುಂದಿನ ವರ್ಷವೂ ಅದೇ ವಾರ ಬೋಗಿ ಹಿಡಿದರು. 'ಹೊಲವಿಲ್ಲದವರ ಬೋಗಿ' ಎಂದು ನಗೆಯಾಡುತ್ತ ಅದಕ್ಕೆ ಹೆಸರಿಟ್ಟವರೂ ಅವರೇ. ಆ ವರ್ಷವೂ ತುಂಬಿತು. ಅದರ ಮರುವರ್ಷ ರೈಲ್ವೆಯವರು ಬೋಗಿ ಇಲ್ಲವೆಂದರು, ಸಾವಕಾರ್ರು ನನ್ನ ಮೇಲೆ ರೇಗಿದರು. ನಾವ್ಯಾರೂ ಹೋಗಲಿಲ್ಲ.

ಆ ಡಿಸೆಂಬರಿನಲ್ಲೇ ಚಂಡಮಾರುತ ಬಂದು ಧನುಷ್ಕೋಡಿಯನ್ನು ಬಡಿಯಿತು. ಊರು, ಸ್ಟೇಷನ್, ಹಳಿ, ಅಲ್ಲಿದ್ದ ಜನ ಎಲ್ಲವನ್ನೂ ನೀರು ತೆಗೆದುಕೊಂಡು ಹೋಯಿತು. ಪತ್ರಿಕೆಯಲ್ಲಿ ಓದಿ ನಾನು ಅಂದೇ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಮಾಸ್ತರರು ಸಾಲೆಗೆ ಹೋಗಿದ್ದರು. ಯಮನವ್ವ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು, ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಮೊಣಕಾಲು ಪೂರಾ ಹಿಡಿದಿದ್ದವು. ನಾನು ಸುದ್ದಿ ಹೇಳಿದೆ.

"ಮಂದಿ?" ಎಂದಳು.

"ಮಂದಿನೂ ಹೋದ್ರಂತ ಆಯಿ."

ಸುಲಿಯುವ ಕೈ ನಿಂತಿತು.

"ನಾವು ಉಂಡ ಜಾಗಾ?"

"ಅದೂ ಹೋತು."

ನಾನು ಚಹಾ ಕುಡಿದು ಎದ್ದು ಬಂದೆ. ಮುಂದಿನದನ್ನು ಮಾಸ್ತರರು ಮತ್ತೊಮ್ಮೆ ಪೇಟೆಗೆ ಬಂದಾಗ ಹೇಳಿದರು. ಹಬ್ಬದ ದಿನ ಎಂದಿನಂತೆ ಹೊಲದವರ ಮನೆಯಿಂದ ಅವಳಿಗೆ ಊಟಕ್ಕೆ ಕರೆ ಬಂತಂತೆ, ಗಾಡಿಯನ್ನೂ ಬಾಗಿಲಿಗೆ ತಂದು ನಿಲ್ಲಿಸಿದ್ದರಂತೆ. ಯಮನವ್ವ ಕೂತಲ್ಲಿಂದ ಏಳಲಿಲ್ಲ.

"ಈ ಸಲ ಬರಂಗಿಲ್ಲ. ನಮ್ಮ ಹೊಲಾ ಹೋಗೇತಿ. ಸೂತಕ ಐತಿ," ಎಂದಳಂತೆ.